ಗೊಣಗಿದವರ ಕೈಗೇ ಸೌಟು

ಭಾನುವಾರದ ಪೂಜೆ ಮುಗಿದು ಜನ ಇಗರ್ಜಿಯ ಅಂಗಳಕ್ಕೆ ಇಳಿದಾಗ, ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಕಿವಿಗೆ ಬೀಳುವ ಮಾತು ಒಂದೇ ಬಗೆಯದಲ್ಲ. ಕರಾವಳಿಯಿಂದ ಘಟ್ಟ ಹತ್ತಿ ಬಂದ ಮನೆತನಗಳ ಕೊಂಕಣಿ ಒಂದು ಕಡೆ. ಕೇರಳದಿಂದ ಬಂದು ರಬ್ಬರು, ಶುಂಠಿ, ಕಾಳುಮೆಣಸು ಬೆಳೆದವರ ಮಲಯಾಳ ಇನ್ನೊಂದು ಕಡೆ. ಅಣೆಕಟ್ಟಿನ ಕೆಲಸಕ್ಕೋ ತೋಟದ ಕೂಲಿಗೋ ಬಂದು ಇಲ್ಲೇ ಉಳಿದವರ ತಮಿಳು ಮತ್ತೊಂದು ಕಡೆ. ಇವರೆಲ್ಲ ಒಬ್ಬರೊಡನೊಬ್ಬರು ಮಾತಾಡುವುದು ಮಲೆನಾಡಿನ ಕನ್ನಡದಲ್ಲಿ. ಮಾತಿನ ವಿಷಯವೂ ಮಲೆನಾಡಿನದೇ: ಅಡಿಕೆಯ ಧಾರಣೆ, ಕೊಳೆರೋಗ, ಕಾಡುಕೋಣದ ಕಾಟ, ಮಳೆಗೆ ಕೊಚ್ಚಿಹೋದ ರಸ್ತೆ.

ಕೇಳುಗರೇ, ಈ ಕ್ರೈಸ್ತ ಸಮುದಾಯ ಚಿಕ್ಕದು, ಅದರ ಆಡಳಿತದ ಚರಿತ್ರೆಯೂ ಬಹಳ ಹಳೆಯದಲ್ಲ. ಶಿವಮೊಗ್ಗ ಜಿಲ್ಲೆಯ ಕೆಥೋಲಿಕರು ಮೊದಲು ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿದ್ದರು. 1963ರಲ್ಲಿ ಚಿಕ್ಕಮಗಳೂರು ಧರ್ಮಪ್ರಾಂತ್ಯ ಹುಟ್ಟಿದಾಗ ಅದರ ಪಾಲಿಗೆ ಬಂದರು. 1988ರ ನವೆಂಬರ್ 14ರಂದು ಶಿವಮೊಗ್ಗವೇ ಪ್ರತ್ಯೇಕ ಧರ್ಮಪ್ರಾಂತ್ಯವಾಯಿತು. ಕೇರಳ ಮೂಲದ ಸಿರೋ ಮಲಬಾರ್ ಸಭೆಯವರಿಗೆ 2007ರಲ್ಲಿ ಭದ್ರಾವತಿ ಧರ್ಮಪ್ರಾಂತ್ಯ ಸ್ಥಾಪನೆಯಾಯಿತು. ಇವುಗಳ ಜೊತೆಗೆ ಪ್ರೊಟೆಸ್ಟೆಂಟ್ ಸಭೆಗಳಿವೆ, ಸಣ್ಣ ಪ್ರಾರ್ಥನಾ ಕೂಟಗಳಿವೆ. ಹೀಗೆ ಹಲವು ಊರುಗಳಿಂದ ಬಂದು, ಹಲವು ಭಾಷೆ ಆಡುತ್ತ, ಗುಡ್ಡಕ್ಕೊಂದು ಮನೆ ಎಂಬಂತೆ ಚದುರಿ ಬದುಕುವ ಜನ ತಮ್ಮ ನೆರೆಹೊರೆಯ ಸೇವೆಗೆ ಇಳಿಯುವಾಗ ಎಂಥ ನಾಯಕತ್ವ ಬೇಕು? ಅವರ ಕೈಯಲ್ಲಿರುವ ಬೈಬಲ್ಲೇ ಈ ಪ್ರಶ್ನೆಯನ್ನು ಮತ್ತೆ ಮತ್ತೆ ಕೈಗೆತ್ತಿಕೊಳ್ಳುತ್ತದೆ.

ನಾಯಕರೆಂದರೆ ಸಮುದ್ರವನ್ನು ಸೀಳಿದ ಮೋಶೆ, ಗೊಲ್ಯಾತನನ್ನು ಕೆಡವಿದ ದಾವೀದ ಎಂದು ಎಣಿಸುವುದು ರೂಢಿ. ಆದರೆ ಸಮುದಾಯ ಕಟ್ಟುವ ಕೆಲಸದ ಕಥೆಗಳನ್ನು ಬೇರೆಯಾಗಿ ಇಟ್ಟು ಓದಿದರೆ ಅವುಗಳಲ್ಲಿ ಹಲವು ಒಂದು ದೂರಿನಿಂದ ಶುರುವಾಗುತ್ತವೆ. ಯಾರೋ ಗೊಣಗುತ್ತಾರೆ, ಯಾರೋ ಅಳುತ್ತಾರೆ, ಯಾರೋ ನ್ಯಾಯ ಕೇಳಿಕೊಂಡು ಬಂದು ಬಾಗಿಲಲ್ಲಿ ನಿಲ್ಲುತ್ತಾರೆ. ಆ ಹೊತ್ತಿನಲ್ಲಿ ನಾಯಕ ಏನು ಮಾಡಿದ ಎಂಬುದರ ಮೇಲೆ ಮುಂದಿನದೆಲ್ಲ ನಿಲ್ಲುತ್ತದೆ.

ವಿಮೋಚನಕಾಂಡದ 18ನೆಯ ಅಧ್ಯಾಯದಲ್ಲಿ ಮೋಶೆ ಬೆಳಗಿನಿಂದ ಸಂಜೆಯವರೆಗೆ ಒಬ್ಬನೇ ಕುಳಿತು ಜನರ ವ್ಯಾಜ್ಯ ತೀರಿಸುತ್ತಿದ್ದಾನೆ. ಜನ ಸಾಲುಗಟ್ಟಿ ನಿಂತಿದ್ದಾರೆ. ಮಾವ ಇತ್ರೋ ಅದನ್ನು ನೋಡಿ, ಈ ರೀತಿ ಸರಿಯಲ್ಲ, ನೀನೂ ಸೋಲುತ್ತೀ, ಜನವೂ ಸೋಲುತ್ತಾರೆ ಎನ್ನುತ್ತಾನೆ. ಸಾವಿರ ಜನಕ್ಕೆ, ನೂರಕ್ಕೆ, ಐವತ್ತಕ್ಕೆ, ಹತ್ತಕ್ಕೆ ಒಬ್ಬೊಬ್ಬ ಮುಖ್ಯಸ್ಥನನ್ನು ನೇಮಿಸು, ಲಂಚ ಮುಟ್ಟದವರನ್ನೇ ಆರಿಸು, ಕಠಿಣವಾದುದು ಮಾತ್ರ ನಿನ್ನ ಬಳಿಗೆ ಬರಲಿ ಎಂದು ದಾರಿ ತೋರುತ್ತಾನೆ. ಇತ್ರೋ ಇಸ್ರಾಯೇಲ್ಯನಲ್ಲ, ಮಿದ್ಯಾನಿನ ಯಾಜಕ. ಹೊರಗಿನವನ ಮಾತೆಂದು ಮೋಶೆ ಅದನ್ನು ತಳ್ಳಿಹಾಕಲಿಲ್ಲ. ಹೇಳಿದಂತೆಯೇ ಮಾಡಿದ.

ಕರಾವಳಿಯ ಕೆಥೋಲಿಕರಲ್ಲಿ ಇದಕ್ಕೆ ಹತ್ತಿರವಾದ ಪದ್ಧತಿಯೊಂದು ಹಿಂದಿನಿಂದ ಇದೆ. ಇಗರ್ಜಿಯ ವ್ಯಾಪ್ತಿಯನ್ನು ವಾರ್ಡುಗಳಾಗಿ ವಿಂಗಡಿಸಿ ಪ್ರತಿ ವಾರ್ಡಿಗೆ ಒಬ್ಬ ಗುರ್ಕಾರ್ ಇರುತ್ತಾರೆ. ಸಾವಾದ ಮನೆಗೆ ಮೊದಲು ಹೋಗುವವರು ಅವರು. ಮದುವೆಯ ಮಾತಿನಲ್ಲಿ, ಗದ್ದೆಯ ಬೇಲಿಯ ಜಗಳದಲ್ಲಿ ನಡುವೆ ನಿಲ್ಲುವವರೂ ಅವರೇ. ಘಟ್ಟದ ಮೇಲೆ ಈ ಪದ್ಧತಿಯ ಅಗತ್ಯ ಇನ್ನೂ ಹೆಚ್ಚು. ಇಲ್ಲಿ ಒಂದೇ ಇಗರ್ಜಿಗೆ ಸೇರಿದ ಎರಡು ಮನೆಗಳ ನಡುವೆ ಒಂದು ಕಾಡು, ಒಂದು ಹಳ್ಳ, ಒಮ್ಮೊಮ್ಮೆ ಒಂದು ಹಿನ್ನೀರು ಇರುತ್ತದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ 7 ಸಾವಿರ ಮಿಲಿಮೀಟರ್ ದಾಟುವ ಮಳೆ. ಸಾಗರ ತಾಲ್ಲೂಕಿನಲ್ಲಿ ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆಯವರಿಗೆ, 2025ರ ಜುಲೈಯಲ್ಲಿ ಅಂಬಾರಗೋಡ್ಲು ಮತ್ತು ಕಳಸವಳ್ಳಿ ನಡುವಿನ ಸೇತುವೆ ತೆರೆಯುವ ತನಕ, ಲಾಂಚೇ ದಾರಿಯಾಗಿತ್ತು. ಇಂಥ ನೆಲದಲ್ಲಿ ಪಟ್ಟಣದ ಗುರುಮನೆಯಲ್ಲಿ ಕುಳಿತ ಒಬ್ಬ ಪಾದ್ರಿ, ಅವರು ಎಷ್ಟೇ ಶ್ರಮಜೀವಿಯಾದರೂ, ಎಲ್ಲ ಮನೆಯ ಕಷ್ಟವನ್ನು ಅರಿಯಲಾರರು. ಹತ್ತು ಮನೆಗೊಬ್ಬರು ಕಿವಿಗೊಟ್ಟು ಕೇಳುವವರು ಬೇಕು.

ಆ ಹತ್ತು ಮನೆಯಲ್ಲಿ ಹಿಂದೂ, ಮುಸ್ಲಿಂ, ಜೈನ ಮನೆಗಳೂ ಇರುತ್ತವೆ. ಸೇವೆಗೆ ಹೊರಟ ಗುರ್ಕಾರ್ ಊರಿನ ಆಶಾ ಕಾರ್ಯಕರ್ತೆಯನ್ನು, ಅಂಗನವಾಡಿಯ ಅಕ್ಕನನ್ನು, ಗ್ರಾಮ ಪಂಚಾಯಿತಿಯ ಸದಸ್ಯರನ್ನು ಮೊದಲು ಕೇಳಬೇಕು. ಯಾರ ಮನೆಯಲ್ಲಿ ಹಾಸಿಗೆ ಹಿಡಿದವರಿದ್ದಾರೆ, ಯಾವ ಮಗು ಶಾಲೆ ಬಿಟ್ಟಿದೆ ಎಂಬುದು ಇವರಿಗೆ ಗೊತ್ತು. ಇತ್ರೋನ ಮಾತು ಕೇಳಿದ ಮೋಶೆಯ ವಿನಯ ಇಲ್ಲಿ ಬೇಕಾಗುವುದು ಹೀಗೆ.

ಎರಡನೆಯ ಕಥೆ ಯೆರೂಸಲೇಮಿನ ಮೊದಲ ಸಭೆಯದು. ಅಲ್ಲಿ ವಿಧವೆಯರಿಗೆ ದಿನವೂ ಆಹಾರ ಹಂಚುತ್ತಿದ್ದರು. ಹಂಚುವವರು ಇಬ್ರಿಯ ಮಾತಿನವರು. ಹೊರನಾಡುಗಳಿಂದ ಬಂದು ನೆಲೆಸಿದ್ದ ಗ್ರೀಕ್ ಮಾತಿನ ಕುಟುಂಬಗಳ ವಿಧವೆಯರಿಗೆ ಪಾಲು ತಪ್ಪುತ್ತಿತ್ತು. ಅವರ ಕಡೆಯವರು ಗೊಣಗಿದರು. ದೂರು ಸುಳ್ಳೆಂದು ಹೇಳಿ ಬಾಯಿ ಮುಚ್ಚಿಸುವುದು ಅಪೊಸ್ತಲರಿಗೆ ಸುಲಭವಿತ್ತು. ಅವರು ಇಡೀ ಸಭೆ ಕರೆದರು. ಏಳು ಜನರನ್ನು ನೀವೇ ಆರಿಸಿ, ಹಂಚುವ ಹೊಣೆ ಅವರಿಗೆ ಒಪ್ಪಿಸುತ್ತೇವೆ ಎಂದರು. ಆರಿಸಿ ಬಂದ ಏಳು ಹೆಸರು ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೆನ, ನಿಕೊಲಾಯ. ಏಳೂ ಗ್ರೀಕ್ ಹೆಸರುಗಳು. ಕೊನೆಯವನಂತೂ ಅಂತಿಯೋಕ್ಯದಿಂದ ಬಂದು ಯೆಹೂದ್ಯ ಧರ್ಮ ಸ್ವೀಕರಿಸಿದವನು. ಊಟ ಸಿಗಲಿಲ್ಲ ಎಂದು ಗೊಣಗಿದವರ ಕೈಗೇ ಸಭೆ ಸೌಟು ಕೊಟ್ಟಿತು. ತಮ್ಮ ಕಡೆಯ ಇಬ್ಬರು, ಅವರ ಕಡೆಯ ಇಬ್ಬರು ಎಂದು ಅಳೆದು ಸಮಿತಿ ಮಾಡಲಿಲ್ಲ. ಪೂರ್ತಿ ನಂಬಿ ಕೊಟ್ಟಿತು.

ಮಲೆನಾಡಿನ ಇಗರ್ಜಿಗಳಿಗೆ ಈ ಕಥೆ ನೇರವಾಗಿ ತಾಗುತ್ತದೆ. ಪಾಲನಾ ಪರಿಷತ್ತಿನಲ್ಲಿ ಕುಳಿತವರ ಪಟ್ಟಿಯನ್ನು ಒಮ್ಮೆ ಓದಿ ನೋಡಿದರೆ ಸಾಕು: ಜಮೀನಿದ್ದವರು ಎಷ್ಟು, ಕೂಲಿಯವರು ಎಷ್ಟು, ಗಂಡಸರು ಎಷ್ಟು, ಹೆಂಗಸರು ಎಷ್ಟು, ಯಾವ ಮನೆಮಾತಿನವರು ಎಷ್ಟು ಎಂಬುದು ತಿಳಿಯುತ್ತದೆ. ಎರಡನೆಯ ವ್ಯಾಟಿಕನ್ ಮಹಾಸಭೆ 1962ರಿಂದ 1965ರವರೆಗೆ ನಡೆದು, ಲ್ಯಾಟಿನ್ ಪೂಜೆಯ ಜಾಗಕ್ಕೆ ಜನರ ಭಾಷೆಯನ್ನು ತಂದಿತು. ಅದರಿಂದ ಬಲಿಪೀಠದ ಮಾತು ಎಲ್ಲರಿಗೂ ತಿಳಿಯುವಂತಾಯಿತು. ಸಭೆಯ ತೀರ್ಮಾನದಲ್ಲಿ ಎಲ್ಲರ ಮಾತೂ ಸೇರುವಂತಾಗುವುದು ಆ ದಾರಿಯ ಮುಂದಿನ ಹೆಜ್ಜೆ. ತೋಟದ ಲೈನ್ ಮನೆಯಲ್ಲಿರುವ ತಮಿಳು ಕುಟುಂಬಕ್ಕೆ ಏನು ಬೇಕೆಂದು ಇತರರು ಊಹಿಸುವುದಕ್ಕಿಂತ, ಆ ಮನೆಯ ಹೆಣ್ಣುಮಗಳೊಬ್ಬಳಿಗೆ ನೆರವಿನ ಹಣದ ಹೊಣೆಯನ್ನೇ ಕೊಡುವುದು ಯೆರೂಸಲೇಮಿನ ರೀತಿ. ಆ ಏಳು ಜನರಲ್ಲಿ ಸ್ತೆಫನ ಮುಂದೆ ನಂಬಿಕೆಗಾಗಿ ಪ್ರಾಣ ಕೊಟ್ಟ ಮೊದಲಿಗನಾದ, ಫಿಲಿಪ್ಪ ಸಮಾರ್ಯಕ್ಕೆ ಹೋಗಿ ಅಲ್ಲಿಯ ಜನರ ನಡುವೆ ದುಡಿದ. ಬಡಿಸುವ ಕೆಲಸಕ್ಕೆಂದು ಕರೆದವರು ಸಭೆಯನ್ನೇ ಮುಂದಕ್ಕೆ ಒಯ್ದರು.

ಮೂರನೆಯದು ನೆಹೆಮೀಯನ ಕಥೆ. ಸಾಗರದ ಮಣ್ಣಿಗೆ ಇದು ಇನ್ನಷ್ಟು ಹತ್ತಿರ. ಪರ್ಷಿಯದ ಅರಸನ ಪಾನಸೇವಕನಾಗಿದ್ದ ನೆಹೆಮೀಯ, ಯೆರೂಸಲೇಮಿನ ಗೋಡೆ ಬಿದ್ದಿದೆ ಎಂಬ ಸುದ್ದಿ ಕೇಳಿ ಕುಳಿತು ಅತ್ತ. ಅರಸನ ಅಪ್ಪಣೆ ಪಡೆದು ಊರಿಗೆ ಬಂದ. ಬಂದವನೇ ಭಾಷಣ ಮಾಡಲಿಲ್ಲ. ಮೂರು ದಿನ ಸುಮ್ಮನಿದ್ದು, ರಾತ್ರಿಯ ಹೊತ್ತು ಕೆಲವರನ್ನಷ್ಟೇ ಕರೆದುಕೊಂಡು, ಎಲ್ಲಿ ಎಷ್ಟು ಕುಸಿದಿದೆ ಎಂದು ಗೋಡೆಯ ಸುತ್ತ ಹೋಗಿ ನೋಡಿದ. ಆಮೇಲೆ ಕೆಲಸ ಹಂಚಿದ. ಅವನ ಪುಸ್ತಕದ ಮೂರನೆಯ ಅಧ್ಯಾಯದ ತುಂಬ ಹೆಸರುಗಳಿವೆ: ಅಕ್ಕಸಾಲಿಗರು, ಪರಿಮಳದ್ರವ್ಯ ಮಾಡುವವರು, ವ್ಯಾಪಾರಿಗಳು, ಯಾಜಕರು, ತನ್ನ ಹೆಣ್ಣುಮಕ್ಕಳೊಡನೆ ಕಲ್ಲು ಕಟ್ಟಿದ ಶಲ್ಲೂಮ. ಎಷ್ಟೋ ಜನರಿಗೆ ಅವರವರ ಮನೆಯ ಎದುರಿನ ಗೋಡೆಯೇ ಪಾಲಿಗೆ ಬಂತು. ತೆಕೋವದ ದೊಡ್ಡ ಮನುಷ್ಯರು ಮಾತ್ರ ಕೆಲಸಕ್ಕೆ ಕತ್ತು ಬಗ್ಗಿಸಲಿಲ್ಲ ಎಂದೂ ಅಲ್ಲಿ ಬರೆದಿದೆ. 52 ದಿನಗಳಲ್ಲಿ ಗೋಡೆ ಎದ್ದಿತು.

ಗೋಡೆ ಕಟ್ಟುವಾಗಲೇ ಒಂದು ಕೂಗು ಎದ್ದಿತು. ಹೊರಗಿನ ಶತ್ರುವಿನ ಮೇಲಿನ ಕೂಗು ಅದಲ್ಲ. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷಿತೋಟ, ಮನೆಗಳನ್ನು ಅಡವಿಟ್ಟಿದ್ದೇವೆ, ಅರಸನ ಕಂದಾಯ ಕಟ್ಟಲು ಸಾಲ ಮಾಡಿದ್ದೇವೆ, ಮಕ್ಕಳು ಜೀತಕ್ಕೆ ಹೋಗಿದ್ದಾರೆ, ಸಾಲ ಕೊಟ್ಟವರು ನಮ್ಮವರೇ ಎಂದು ಗಂಡಸರೂ ಹೆಂಗಸರೂ ಬಾಯಿಬಿಟ್ಟರು. ಈಗ ಗೋಡೆಯ ಕೆಲಸ ಮುಖ್ಯ, ಇದನ್ನು ಆಮೇಲೆ ನೋಡೋಣ ಎಂದು ನೆಹೆಮೀಯ ಹೇಳಲಿಲ್ಲ. ಶ್ರೀಮಂತರನ್ನು ತುಂಬಿದ ಸಭೆಯಲ್ಲಿ ನಿಲ್ಲಿಸಿ ಕೇಳಿದ. ತಾನೂ ತನ್ನ ಬಂಧುಗಳೂ ಸಾಲ ಕೊಟ್ಟವರೇ ಎಂದು ಒಪ್ಪಿಕೊಂಡ. ಹೊಲಗಳನ್ನೂ ಬಡ್ಡಿಯನ್ನೂ ಅದೇ ದಿನ ಮರಳಿಸುವಂತೆ ಮಾಡಿದ. ದೇಶಾಧಿಪತಿಗೆಂದು ಜನರಿಂದ ಬರಬೇಕಾದ ಆಹಾರದ ಭತ್ಯೆಯನ್ನು 12 ವರ್ಷ ಮುಟ್ಟಲಿಲ್ಲ.

ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ 1951ರ ಏಪ್ರಿಲ್‌ನಲ್ಲಿ ಇಂಥದೇ ಕೂಗು ಎದ್ದಿತ್ತು. ದೀವರ ಸಮುದಾಯದ ಗೇಣಿದಾರರು ಗದ್ದೆಗಿಳಿದು ಸತ್ಯಾಗ್ರಹ ಮಾಡಿದರು. ಗೇಣಿಯ ಭತ್ತ ಅಳೆಯುವ ಕೊಳಗವೂ ಅಂದಿನ ಜಗಳದ ಒಂದು ಮೂಲ. ಎಚ್. ಗಣಪತಿಯಪ್ಪ ಅವರನ್ನು ಒಗ್ಗೂಡಿಸಿದರು. ತೀರ್ಥಹಳ್ಳಿ ಸೀಮೆಯ ಶಾಂತವೇರಿ ಗೋಪಾಲಗೌಡರು ಜೊತೆಗೆ ನಿಂತರು. ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ ಬಂದು ಬಂಧನಕ್ಕೆ ಒಳಗಾದರು. 1974ರ ಭೂಸುಧಾರಣೆಗೆ ದಾರಿ ತೆರೆದ ಹೋರಾಟಗಳಲ್ಲಿ ಅದು ಮುಖ್ಯವಾದುದು. ಈ ಸೀಮೆಯಲ್ಲಿ ಸಮುದಾಯದ ಸೇವೆಗೆ ಇಳಿಯುವ ಕ್ರೈಸ್ತ ಮುಖಂಡರು ಕಾಗೋಡಿನ ಚರಿತ್ರೆಯನ್ನು ನೆಹೆಮೀಯನ ಐದನೆಯ ಅಧ್ಯಾಯದ ಜೊತೆಗಿಟ್ಟು ಓದಿಕೊಳ್ಳಬೇಕು. ಅಕ್ಕಿ ಬೇಳೆಯ ಚೀಲ ಹಂಚುವುದು ದೊಡ್ಡ ಉಪಕಾರ. ಆದರೆ ಚೀಲ ಪಡೆದವನ ಗದ್ದೆ ಯಾರ ಬಳಿ ಅಡವಿದೆ ಎಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ, ಅಡವು ಹಿಡಿದವನು ಅದೇ ಇಗರ್ಜಿಯ ಮುಂದಿನ ಬೆಂಚಿನಲ್ಲಿ ಕುಳಿತಿರಬಹುದು.

ಇಂದು ಸಾಲದ ಮುಖ ಬದಲಾಗಿದೆ. ಕಿರುಸಾಲದ ವಾರದ ಕಂತು ವಸೂಲಿಗೆ ಬೈಕಿನಲ್ಲಿ ಬರುವವರ ಕಿರುಕುಳ ಎಷ್ಟು ಹೆಚ್ಚಿತೆಂದರೆ, 2025ರ ಫೆಬ್ರವರಿಯಲ್ಲಿ ರಾಜ್ಯ ಸರ್ಕಾರ ಅದನ್ನು ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ಇದಕ್ಕೆ ಪ್ರತಿಯಾಗಿ ಇರುವ ದಾರಿ ಊರವರದೇ ಉಳಿತಾಯ. ಶಿವಮೊಗ್ಗ ಧರ್ಮಪ್ರಾಂತ್ಯದ ಸಮಾಜಸೇವಾ ಸಂಸ್ಥೆಯಾದ ಶಿವಮೊಗ್ಗ ಮಲ್ಟಿಪರ್ಪಸ್ ಸೋಶಿಯಲ್ ಸರ್ವಿಸ್ ಸೊಸೈಟಿ ಮಹಿಳೆಯರ ಸ್ವಸಹಾಯ ಸಂಘಗಳನ್ನು ಕಟ್ಟುವ ಕೆಲಸ ಮಾಡಿಕೊಂಡು ಬಂದಿದೆ. ಇಂಥ ಸಂಘಗಳಲ್ಲಿ ಜಾತಿ ಮತ ನೋಡದೆ ಹತ್ತಿಪ್ಪತ್ತು ಹೆಂಗಸರು ಕೂಡುತ್ತಾರೆ, ವಾರವಾರ ಚಿಕ್ಕ ಮೊತ್ತ ಹಾಕುತ್ತಾರೆ, ಹೆರಿಗೆಗೋ ಶಾಲೆಯ ಫೀಸಿಗೋ ತಮ್ಮ ಹಣವನ್ನು ತಾವೇ ಸಾಲವಾಗಿ ಪಡೆಯುತ್ತಾರೆ. ಪುಸ್ತಕ ಬರೆಯುವವಳು ಅವರಲ್ಲೊಬ್ಬಳು. ತನ್ನ ಮನೆಯೆದುರಿನ ಗೋಡೆಯನ್ನು ತಾನೇ ಕಟ್ಟಿದ ಯೆರೂಸಲೇಮಿನವರ ಕೆಲಸ ಇಂದು ನಡೆಯುತ್ತಿರುವುದು ಇಲ್ಲಿ.

ದೂರು ಹೊತ್ತು ಬಂದ ಐವರು ಅಕ್ಕತಂಗಿಯರನ್ನೂ ಇಲ್ಲೇ ನೆನೆಯಬೇಕು. ಅರಣ್ಯಕಾಂಡದ 27ನೆಯ ಅಧ್ಯಾಯದಲ್ಲಿ ಚಲ್ಪಹಾದನ ಹೆಣ್ಣುಮಕ್ಕಳು ಮೋಶೆಯ ಎದುರು, ಯಾಜಕರ ಎದುರು, ಇಡೀ ಸಮೂಹದ ಎದುರು ಬಂದು ನಿಂತರು. ತಂದೆಗೆ ಗಂಡುಮಕ್ಕಳಿಲ್ಲವೆಂದು ಅವನ ಹೆಸರಿನ ಭೂಮಿ ಇಲ್ಲವಾಗಬೇಕೇ ಎಂದು ಕೇಳಿದರು. ಕಾನೂನಿನಲ್ಲಿ ಅವರಿಗೆ ಜಾಗವಿರಲಿಲ್ಲ. ಮೋಶೆ ತಟ್ಟನೆ ತೀರ್ಪು ಕೊಡದೆ ಅದನ್ನು ದೇವರ ಮುಂದೆ ಇಟ್ಟ. ಅವರು ಹೇಳುವುದು ನ್ಯಾಯ ಎಂಬ ಉತ್ತರ ಬಂತು, ಕಾನೂನೇ ಬದಲಾಯಿತು. ಭೂಮಿಗಾಗಿ ಇಂಥದೇ ದೂರು ಈ ಸೀಮೆಯಲ್ಲೂ ಇದೆ. 1964ರಲ್ಲಿ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಮುಗಿದಾಗ ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಊರುಗಳು ಮುಳುಗಿ, ನಾಡಿಗೆ ಬೆಳಕು ಕೊಟ್ಟವರ ಮನೆ ಕತ್ತಲಾಯಿತು. ಎತ್ತಂಗಡಿಯಾದ ಕುಟುಂಬಗಳ ಎಷ್ಟೋ ಮೊಮ್ಮಕ್ಕಳು ಇಂದಿಗೂ ಹಕ್ಕುಪತ್ರಕ್ಕಾಗಿ ಕಚೇರಿ ಅಲೆಯುತ್ತಿದ್ದಾರೆ. ಅವರಲ್ಲಿ ಕ್ರೈಸ್ತರು ಎಷ್ಟು ಮಂದಿ ಎಂದು ಎಣಿಸಿದ ಮೇಲೆ ನೆರವಿಗೆ ಹೋಗುವುದು ಮೋಶೆಯ ದಾರಿಯಲ್ಲ. ಅರ್ಜಿ ಬರೆದುಕೊಡುವ ಒಬ್ಬ ನಿವೃತ್ತ ಮೇಷ್ಟ್ರು, ತಹಶೀಲ್ದಾರ್ ಕಚೇರಿಗೆ ಜೊತೆಗೆ ಹೋಗುವ ಒಬ್ಬ ಯುವಕ ಪ್ರತಿ ಇಗರ್ಜಿಯಲ್ಲೂ ಸಿಗುತ್ತಾರೆ. ಭೂಮಿಯ ಕಾಗದ ಓದಬಲ್ಲವರ ಸೇವೆ ಮಲೆನಾಡಿನಲ್ಲಿ ವೈದ್ಯರ ಸೇವೆಯಷ್ಟೇ ಅವಶ್ಯ.

ಸೇವೆಗೆ ಹಣ ಬೇಕು. ಹಣ ಬಂದಲ್ಲಿ ಲೆಕ್ಕ ಬೇಕು. ವೃದ್ಧನಾದ ಸಮುವೇಲ ಅಧಿಕಾರ ಬಿಟ್ಟುಕೊಡುವ ದಿನ ಜನರ ಮುಂದೆ ನಿಂತು, ಯಾರ ಎತ್ತನ್ನು ತೆಗೆದುಕೊಂಡಿದ್ದೇನೆ, ಯಾರ ಕತ್ತೆಯನ್ನು ಹಿಡಿದಿದ್ದೇನೆ, ಯಾರ ಕೈಯಿಂದ ಲಂಚ ತಿಂದಿದ್ದೇನೆ ಹೇಳಿ, ಹಿಂದಿರುಗಿಸುತ್ತೇನೆ ಎಂದ. ಯೆರೂಸಲೇಮಿನ ಬಡವರಿಗೆಂದು ಮಕೆದೋನ್ಯ, ಕೊರಿಂಥಗಳಲ್ಲಿ ಚಂದಾ ಎತ್ತಿದ ಪೌಲ ಆ ಹಣವನ್ನು ಒಬ್ಬನೇ ಒಯ್ಯಲು ಒಪ್ಪಲಿಲ್ಲ. ತೀತನ ಜೊತೆ ಸಭೆಗಳೇ ಆರಿಸಿದ ಪ್ರತಿನಿಧಿಯೂ ಬರಲಿ, ದೇವರ ಕಣ್ಣಿಗೆ ಮಾತ್ರವಲ್ಲದೆ ಮನುಷ್ಯರ ಕಣ್ಣಿಗೂ ಇದು ಸರಿಯೆಂದು ಕಾಣಬೇಕು ಎಂದು ಬರೆದ. ಕೇಳುವ ಮೊದಲೇ ಅವನು ಲೆಕ್ಕ ತೆರೆದಿಟ್ಟ. ವಾರ್ಷಿಕ ಹಬ್ಬಕ್ಕೆ ಬಂದ ವಂತಿಗೆ ಎಷ್ಟು, ಅದರಲ್ಲಿ ಬಡವರ ಪಾಲಿಗೆ ಹೋದದ್ದು ಎಷ್ಟು ಎಂಬ ಒಂದು ಹಾಳೆ ಇಗರ್ಜಿಯ ಬಾಗಿಲಲ್ಲಿ ಅಂಟಿಸಿದರೆ ಸೇವೆಗೆ ಬರುವ ಕೈಗಳು ಹೆಚ್ಚುತ್ತವೆ.

ಇನ್ನು ಹೆಚ್ಚು ಎಚ್ಚರ ಬೇಡುವ ಮಾತು. ಸೇವೆ ಪಡೆದವರಿಂದ ಏನನ್ನು ಬಯಸಬೇಕು? ಪ್ರವಾದಿ ಎಲೀಷನ ಕಥೆ ಇದಕ್ಕೆ ನೇರ ಉತ್ತರ. ಅರಾಮ್ಯರ ಸೇನಾಪತಿ ನಾಮಾನ ಪರದೇಶದವನು, ಪರಧರ್ಮದವನು, ಇಸ್ರಾಯೇಲಿನ ಮೇಲೆ ದಂಡೆತ್ತಿ ಬಂದವನು. ಎಲೀಷ ಹೇಳಿದಂತೆ ಮಾಡಿ ಅವನ ಕುಷ್ಠ ವಾಸಿಯಾದಾಗ, ಅವನು ತಂದಿದ್ದ ಬೆಳ್ಳಿ, ಬಂಗಾರ, ಬಟ್ಟೆಗಳನ್ನು ಎಷ್ಟು ಒತ್ತಾಯಿಸಿದರೂ ಎಲೀಷ ಮುಟ್ಟಲಿಲ್ಲ. ಊರಿಗೆ ಮರಳಿದ ಮೇಲೆ ತನ್ನ ಅರಸನೊಡನೆ ಅಲ್ಲಿಯ ಗುಡಿಯಲ್ಲಿ ಬಗ್ಗಬೇಕಾಗುತ್ತದೆ ಎಂದು ನಾಮಾನ ಅಳುಕಿದಾಗಲೂ, ಸಮಾಧಾನದಿಂದ ಹೋಗು ಎಂದು ಬೀಳ್ಕೊಟ್ಟ. ಎಲೀಷನ ಸೇವಕ ಗೇಹಜಿ ಮಾತ್ರ ರಥದ ಹಿಂದೆ ಓಡಿ, ಸುಳ್ಳು ಹೇಳಿ, ಬೆಳ್ಳಿ ಬಟ್ಟೆಗಳನ್ನು ತಂದು ಬಚ್ಚಿಟ್ಟ. ಆ ಕುಷ್ಠ ಅವನಿಗೆ ಅಂಟಿತು. ಅಪೊಸ್ತಲರ ಕೃತ್ಯಗಳಲ್ಲಿ ಪವಿತ್ರಾತ್ಮನ ವರವನ್ನು ದುಡ್ಡಿಗೆ ಕೊಳ್ಳಲು ಬಂದ ಸೀಮೋನನನ್ನು ಪೇತ್ರ ಗದರಿಸಿ ಕಳಿಸಿದ್ದೂ ಇದೇ ನ್ಯಾಯದಿಂದ.

ಮಲೆನಾಡಿನ ಜನಕ್ಕೆ ಈ ವಿಷಯದಲ್ಲಿ ನೆನಪು ಗಟ್ಟಿ. ತೀರ್ಥಹಳ್ಳಿಯ ಕುಪ್ಪಳಿಯ ಕುವೆಂಪು 1967ರಲ್ಲಿ ಪ್ರಕಟಿಸಿದ ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ಪಾದ್ರಿ ಜೀವರತ್ನಯ್ಯ ಬೈಸಿಕಲ್ ತಂದಾಗ ಊರಿಗೆ ಊರೇ ಬೆರಗಾಗುತ್ತದೆ, ಬೆಟ್ಟಳ್ಳಿಯ ದೇವಯ್ಯಗೌಡ ಆ ಹೊಸತನದ ಸೆಳೆತಕ್ಕೆ ಸಿಗುತ್ತಾನೆ, ಮನೆಯವರ ಎದೆ ಒಡೆಯುತ್ತದೆ. ಬೆರಗು ಹುಟ್ಟಿಸುವ ವಸ್ತು, ಅದರ ಹಿಂದೆ ಮತದ ಮಾತು, ಅದರ ಹಿಂದೆ ಕುಟುಂಬದ ಕಳವಳ: ಇವನ್ನು ಕುವೆಂಪು ಯಾರನ್ನೂ ದ್ವೇಷಿಸದೆ ತೋರಿಸಿದ್ದಾರೆ. ಕ್ರೈಸ್ತ ಸೇವಕರು ಈ ಕಾದಂಬರಿಯನ್ನು ಓದಲೇಬೇಕು. ನೆರೆಮನೆಯವರು ತಮ್ಮನ್ನು ಹೇಗೆ ಕಂಡಿದ್ದರು ಎಂಬುದು ಅದರಲ್ಲಿದೆ. ಸಂವಿಧಾನದ 25ನೆಯ ವಿಧಿ ಪ್ರತಿಯೊಬ್ಬರಿಗೂ ತನ್ನ ಧರ್ಮವನ್ನು ನಂಬುವ, ಆಚರಿಸುವ, ಸಾರುವ ಹಕ್ಕನ್ನು ಕೊಟ್ಟಿದೆ. ಆ ಹಕ್ಕು ಎದೆಯೆತ್ತಿ ನಿಲ್ಲಬೇಕಾದರೆ ಔಷಧಿಯ ಬಾಟಲಿಗೆ, ಶಾಲೆಯ ಸೀಟಿಗೆ, ಅಕ್ಕಿಯ ಚೀಲಕ್ಕೆ ಯಾವ ಷರತ್ತೂ ಅಂಟಿರಬಾರದು. ಎಲೀಷನ ಬಾಗಿಲಿನಿಂದ ನಾಮಾನ ಹೊರಟಾಗ ಅವನ ಪೆಟ್ಟಿಗೆ ತುಂಬಿಯೇ ಇತ್ತು.

ಷರತ್ತಿಲ್ಲದ ಕೆಲಸ ಎಷ್ಟು ದೂರ ಹೋಗುತ್ತದೆ ಎಂಬುದಕ್ಕೆ ಮಲೆನಾಡಿನ ಮನೆಗಳ ಮಾಡು ನೋಡಬಹುದು. ಪೌಲ ಕೊರಿಂಥದಲ್ಲಿ ಅಕ್ವಿಲ, ಪ್ರಿಸ್ಕಿಲ್ಲ ದಂಪತಿಯ ಮನೆಯಲ್ಲಿದ್ದು ಗುಡಾರ ಹೊಲಿಯುವ ಕಸುಬಿನಿಂದ ಹೊಟ್ಟೆ ಹೊರೆದುಕೊಂಡ, ಸಭೆಗೆ ಭಾರವಾಗಲಿಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಶನ್ ಕೂಡ ಕಸುಬಿನ ದಾರಿ ಹಿಡಿಯಿತು. ಕ್ರೈಸ್ತರಾದದ್ದರಿಂದ ಕುಲದ ಕಸುಬನ್ನೂ ನೆಲೆಯನ್ನೂ ಕಳೆದುಕೊಂಡವರಿಗೆ ದುಡಿಮೆ ಬೇಕಿತ್ತು. ನೇಯ್ಗೆ, ಮುದ್ರಣ ಶುರುವಾದವು. 1865ರಲ್ಲಿ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ಆ ಮಂಗಳೂರು ಹೆಂಚು ಘಟ್ಟ ಹತ್ತಿ ಬಂದು, ಹುಲ್ಲು ಮತ್ತು ಅಡಿಕೆ ಸೋಗೆಯ ಮಾಡಿದ್ದ ಮನೆಗಳ ಮೇಲೆ ಕುಳಿತಿತು. ಅದರ ಕೆಳಗೆ ಮಲಗುವವರು ಯಾವ ಮತದವರು ಎಂದು ಯಾರೂ ಕೇಳಲಿಲ್ಲ. ಇಂದಿನ ಯುವಕರಿಗೆ ಅಡಿಕೆ ಸುಲಿಯುವ ಯಂತ್ರದ ರಿಪೇರಿ, ಸೌರವಿದ್ಯುತ್ ಜೋಡಣೆ, ಜೇನು ಸಾಕಣೆ, ರೋಗಿಗಳ ಆರೈಕೆಯ ತರಬೇತಿ ಕೊಡುವ ಇಗರ್ಜಿಯ ಸಭಾಂಗಣ ಅದೇ ಪರಂಪರೆಗೆ ಸೇರುತ್ತದೆ.

ಒಡಕಿನ ನಡುವೆ ಕೆಲಸ ಮಾಡಿದ ಒಬ್ಬ ಸಂತನ ಕಥೆ ಈ ಸೀಮೆಯ ಚರಿತ್ರೆಯಲ್ಲೇ ಹೆಣೆದುಕೊಂಡಿದೆ. ಗೋವೆಯ ಯುವ ಗುರು ಜೋಸೆಫ್ ವಾಜ್ 1681ರಲ್ಲಿ ಕೆನರಾಕ್ಕೆ ಬಂದರು. ಅವರಿಗೆ ಆಗ 30 ವರ್ಷ. ಕೆನರಾ ಕರಾವಳಿಯನ್ನು ಆಳುತ್ತಿದ್ದುದು ಘಟ್ಟದ ಮೇಲಿನ ಬಿದನೂರು, ಅಂದರೆ ಇಂದಿನ ಹೊಸನಗರ ತಾಲ್ಲೂಕಿನ ನಗರ. ಗದ್ದುಗೆಯಲ್ಲಿದ್ದವರು ಕೆಳದಿಯ ಚೆನ್ನಮ್ಮ. 1678ರಲ್ಲಿ ಕೆಳದಿಯವರು ಪೋರ್ಚುಗೀಸರೊಡನೆ ಮಾಡಿಕೊಂಡ ಒಪ್ಪಂದ ಭಟ್ಕಳ, ಕಲ್ಯಾಣಪುರ ಮೊದಲಾದ ಕಡೆ ಇಗರ್ಜಿ ಕಟ್ಟಲು ಅವಕಾಶ ಕೊಟ್ಟಿತ್ತು. ಇಗರ್ಜಿಗೆ ಅಪ್ಪಣೆ ಸಿಕ್ಕಿದ್ದರೂ ಕ್ರೈಸ್ತರೊಳಗೇ ಜಗಳವಿತ್ತು. ಪೋರ್ಚುಗೀಸ್ ಅರಸನ ಹಕ್ಕಿನಿಂದ ಗೋವೆ ನಡೆಸುತ್ತಿದ್ದ ಆಡಳಿತ ಒಂದು, ರೋಮಿನಿಂದ ನೇರವಾಗಿ ನೇಮಕಗೊಂಡ ಧರ್ಮಾಧ್ಯಕ್ಷರದು ಇನ್ನೊಂದು. ಯಾರ ಕೈಯಿಂದ ಸಂಸ್ಕಾರ ಪಡೆಯಬೇಕೆಂದು ಜನ ಕಂಗೆಟ್ಟಿದ್ದರು. ವಾಜ್ ಗೋವೆಯ ಕಡೆಯಿಂದ ಬಂದವರಾದರೂ ಎದುರು ಪಾಳೆಯದ ಧರ್ಮಾಧ್ಯಕ್ಷರನ್ನು ಗೌರವದಿಂದ ಕಂಡು ಮಾತಾಡಿದರು. ಮಂಗಳೂರು, ಬಸ್ರೂರು, ಕಲ್ಯಾಣಪುರ, ಗಂಗೊಳ್ಳಿಗಳಲ್ಲಿ ಮೂರು ವರ್ಷ ನಡೆದು ದುಡಿದರು.

ಮುಂದೆ ಅವರು ಸಿಂಹಳಕ್ಕೆ ಹೋದರು. ಡಚ್ಚರು ಕೆಥೋಲಿಕ್ ಗುರುಗಳನ್ನು ನಿಷೇಧಿಸಿದ್ದ ಕಾಲ. ಬಡ ಕೂಲಿಯ ವೇಷದಲ್ಲಿ ಒಳಹೊಕ್ಕರು. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಯಾದರು, ಸೆರೆಯಲ್ಲೇ ಸಿಂಹಳ ಭಾಷೆ ಕಲಿತರು. 1697ರಲ್ಲಿ ಕ್ಯಾಂಡಿಗೆ ಸಿಡುಬು ಬಡಿಯಿತು. ಉಳ್ಳವರು ಊರು ಬಿಟ್ಟರು, ರೋಗಿಗಳನ್ನು ಮನೆಯವರೇ ಕಾಡಿನಂಚಿಗೆ ಹಾಕಿದರು. ವಾಜ್ ಮತ್ತು ಅವರ ಸೋದರಳಿಯ ಜೋಸೆಫ್ ಕರ್ವಾಲೊ ಆ ರೋಗಿಗಳನ್ನು ಎತ್ತಿ ತಂದು ತೊಳೆದರು, ಉಣಿಸಿದರು, ಸತ್ತವರನ್ನು ಹೂಳಿದರು. ಬೌದ್ಧ ಅರಸ ವಿಮಲಧರ್ಮಸೂರ್ಯ ಅವರಿಗೆ ಆಸರೆಯಾದ. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ತೀರಿಕೊಂಡ ವಾಜರನ್ನು 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಕೊಲಂಬೊದಲ್ಲಿ ಸಂತರೆಂದು ಘೋಷಿಸಿದರು. ಶಿಷ್ಯರ ಕಾಲು ತೊಳೆದ ಯೇಸು ಟವೆಲನ್ನು ಸೊಂಟಕ್ಕೆ ಕಟ್ಟಿಕೊಂಡ ಹೊತ್ತು ಯೋಹಾನನ 13ನೆಯ ಅಧ್ಯಾಯದಲ್ಲಿದೆ. ಕ್ಯಾಂಡಿಯ ಸಿಡುಬಿನ ಗುಡಿಸಲುಗಳಲ್ಲಿ ವಾಜ್ ಮಾಡಿದ್ದು ಅದನ್ನೇ.

ಸಿಡುಬು ಹೋಯಿತು. ಈ ಮೂರು ತಾಲ್ಲೂಕುಗಳಿಗೆ ತಮ್ಮದೇ ಆದ ಒಂದು ರೋಗ ಉಳಿದಿದೆ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದಾಗ ಗುರುತಿಗೆ ಬಂದ ಮಂಗನ ಕಾಯಿಲೆ, ಉಣುಗು ಕಚ್ಚುವುದರಿಂದ ಮನುಷ್ಯರಿಗೆ ಬರುತ್ತದೆ. 2018ರ ಕೊನೆಗೆ ಸಾಗರ ತಾಲ್ಲೂಕಿನ ಅರಲಗೋಡಿನಲ್ಲಿ ಅದು ಸಾವಿನ ಸರಣಿಯನ್ನೇ ತಂದಿತು. ಹೊಸನಗರ, ತೀರ್ಥಹಳ್ಳಿಗಳೂ ಇದರಿಂದ ಹೊರತಲ್ಲ. ಇದ್ದ ಹಳೆಯ ಲಸಿಕೆಯೂ 2022ರಲ್ಲಿ ನಿಂತಿತು. ರೋಗಕ್ಕೆ ಸಿಗುವವರು ದರಗು, ಸೊಪ್ಪು, ಸೌದೆಗೆಂದು ಕಾಡಿಗೆ ಹೋಗುವವರು, ದನ ಕಾಯುವವರು, ತೋಟದ ಕೂಲಿಗಳು. ಎರಡು ವಾರ ಮಲಗಿದರೆ ಅವರ ಮನೆಯ ಒಲೆ ಆರುತ್ತದೆ.

ಇಲ್ಲಿ ಕ್ರೈಸ್ತ ಸಮುದಾಯಕ್ಕೆ ಮಾಡಲು ಬೇಕಾದಷ್ಟು ಕೆಲಸವಿದೆ, ಅದಕ್ಕೆ ದೊಡ್ಡ ಆಸ್ಪತ್ರೆ ಕಟ್ಟಬೇಕಿಲ್ಲ. ಪ್ರತಿ ವಾರ್ಡಿನ ಗುರ್ಕಾರ್ ಆಶಾ ಕಾರ್ಯಕರ್ತೆಯ ಜೊತೆ ಕುಳಿತು, ಕಾಡಿಗೆ ಹೋಗುವ ಮನೆಗಳ ಪಟ್ಟಿ ಮಾಡಬಹುದು. ಉಣುಗು ಹತ್ತದಂತೆ ಮೈಗೆ ಹಚ್ಚಲು ಆರೋಗ್ಯ ಇಲಾಖೆ ಕೊಡುವ ಡೆಪಾ ತೈಲ ಆ ಮನೆಗಳಿಗೆ ತಲುಪಿದೆಯೇ, ಹಚ್ಚಿಕೊಳ್ಳುತ್ತಿದ್ದಾರೆಯೇ ಎಂದು ಕೇಳಿಕೊಂಡು ಬರಬಹುದು. ಪ್ಯಾರಿಸಿನಲ್ಲಿ 1833ರಲ್ಲಿ ಹುಟ್ಟಿದ ಸಂತ ವಿನ್ಸೆಂಟ್ ಪಾವ್ಲರ ಸಭೆಯ ಸದಸ್ಯರು ಬಡವರ ಮನೆಗಳಿಗೆ ಜೋಡಿಯಾಗಿ ಹೋಗುವ ರೂಢಿ ಇಟ್ಟುಕೊಂಡಿದ್ದಾರೆ. ಅದೇ ರೂಢಿ ಈ ಕೆಲಸಕ್ಕೂ ಒದಗುತ್ತದೆ. ಮಂಗ ಸತ್ತದ್ದು ಕಂಡರೆ ಯಾವ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಫೋನ್ ಮಾಡಬೇಕೆಂದು ಭಾನುವಾರದ ಪ್ರಕಟಣೆಯಲ್ಲಿ ಓದಬಹುದು. ಜ್ವರ ಬಂದವರನ್ನು ಸಾಗರಕ್ಕೋ ಶಿವಮೊಗ್ಗಕ್ಕೋ ಮಣಿಪಾಲಕ್ಕೋ ಒಯ್ಯಲು ಜೀಪು ಇರುವವರ ಹೆಸರು ಮೊದಲೇ ಬರೆದಿಡಬಹುದು. ರೋಗಿ ಮಲಗಿದ ಮನೆಯ ದನಕ್ಕೆ ಹುಲ್ಲು ಹಾಕುವವರನ್ನು, ಮಕ್ಕಳಿಗೆ ಗಂಜಿ ಕಾಯಿಸುವವರನ್ನು ಗೊತ್ತು ಮಾಡಬಹುದು.

ಕಾಯಿಲೆ ಹೆಚ್ಚಾಗಿ ಕಾಣಿಸಿಕೊಳ್ಳುವುದು ಡಿಸೆಂಬರಿನಿಂದ ಮೇ ತಿಂಗಳವರೆಗೆ. ಮಳೆ ಹಿಂದೆಗೆಯುವ ಅಕ್ಟೋಬರಿನಲ್ಲಿ, ಅಡಿಕೆ ಕೊಯ್ಲು ಬಿರುಸಾಗುವ ಮೊದಲೇ, ಇದಕ್ಕಾಗಿ ಒಂದು ಸಭೆ ಸೇರಬೇಕು. ಕೊಂಕಣಿ, ಮಲಯಾಳ, ತಮಿಳು, ಕನ್ನಡ ಎಲ್ಲ ಮನೆಮಾತಿನವರೂ ಅದರಲ್ಲಿರಬೇಕು. ಕಾಡಿನಿಂದ ದರಗು ಹೊತ್ತು ತರುವ ಹೆಂಗಸರು ಮೊದಲು ಮಾತಾಡಬೇಕು, ಹಣದ ಪುಸ್ತಕವನ್ನು ಅವರಲ್ಲೇ ಇಬ್ಬರು ಬರೆಯಬೇಕು.